ಸೂಜಿ ಕೊಡುವ ಕೈ

ಒಂದು ಸೂಜಿಯನ್ನು ಎತ್ತಿ ಕೊಡುವುದಕ್ಕೂ ಪಾಠ ಹೇಳಿಸಿಕೊಳ್ಳಬೇಕೆ? ಹೀಗೆ ಕೇಳುವವರು ದಡ್ಡರಲ್ಲ. ಓದಿದವರು, ಲೋಕ ಕಂಡವರು, ಸಜ್ಜನರು. ಬ್ರಿಟನ್ನಿನ ಎಷ್ಟೋ ಔಷಧಿ ಅಂಗಡಿಗಳಲ್ಲಿ, ಮಾದಕ ಮದ್ದನ್ನು ಮೈಗೆ ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿಗಳನ್ನೂ ಸಿರಿಂಜುಗಳನ್ನೂ ಬೆಲೆಯಿಲ್ಲದೆ ಕೊಟ್ಟು, ಬಳಸಿದ ಹಳೆಯವನ್ನು ಹಿಂದಕ್ಕೆ ಪಡೆದು ನಾಶಮಾಡಲು ಕಳುಹಿಸುವ ಏರ್ಪಾಟಿದೆ. ಇದಕ್ಕೆ ಸೂಜಿ ವಿನಿಮಯವೆಂದು ಹೆಸರು. ಈ ಕೆಲಸಕ್ಕೆ ನಿಲ್ಲುವ ಫಾರ್ಮಸಿಸ್ಟರಿಗೂ ಅವರ ಸಹಾಯಕರಿಗೂ ಬೇರೆಯಾಗಿ ತರಬೇತಿ ಆಗಬೇಕೆಂಬುದು ಅಲ್ಲಿಯ ಆರೋಗ್ಯ ತಜ್ಞರ ವಿಧಿ. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ನಾನು ಈ ಸಂಗತಿಯನ್ನು ಹೇಳಿದಾಗ ಎರಡು ಬಗೆಯ ಆಕ್ಷೇಪ ಬಂತು. ಒಬ್ಬರು, “ಕೊಡುವುದೇ ತಪ್ಪು” ಎಂದರು. ಇನ್ನೊಬ್ಬರು, “ಕೊಡಲಿ, ಆದರೆ ಕೊಡುವುದರಲ್ಲಿ ಕಲಿಯುವುದೇನಿದೆ?” ಎಂದರು. ಮೊದಲನೆಯ ಆಕ್ಷೇಪಕ್ಕೆ ಇತಿಹಾಸವೇ ಉತ್ತರ ಹೇಳಿದೆ. ಎರಡನೆಯದು ಹೆಚ್ಚು ಅಪಾಯದ್ದು. ಏಕೆಂದರೆ ಅದು ಒಪ್ಪಿಗೆಯ ವೇಷ ತೊಟ್ಟು ಬರುತ್ತದೆ. ನನ್ನ ಜಗಳ ಮುಖ್ಯವಾಗಿ ಅದರೊಡನೆ.

ಕನ್ನಡ ಪಾಠ ಹೇಳುವವನಿಗೆ ಸೂಜಿ ಸಿರಿಂಜುಗಳ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಔಷಧಶಾಸ್ತ್ರ ನನ್ನ ವಿಷಯವಲ್ಲ, ನಿಜ. ಆದರೆ ಈ ತರಬೇತಿಯ ವಿಚಾರವನ್ನು ಓದುತ್ತ ಹೋದಂತೆ ಅದರ ತಿರುಳು ಔಷಧವಲ್ಲ, ಮಾತು ಎಂಬುದು ನನಗೆ ಮನವರಿಕೆಯಾಯಿತು. ಅಂಗಡಿಯ ಮರದ ಹಲಗೆಯ ಈಚೆಗೆ ನಿಂತವನೊಡನೆ ಆಚೆಗೆ ನಿಂತವನು ಹೇಗೆ ಮಾತನಾಡಬೇಕು ಎಂಬುದೇ ಅಲ್ಲಿಯ ಮೊದಲ ಪಾಠ. ಮಾತು ನನ್ನ ಕಸುಬು. ಇಪ್ಪತ್ತು ವರ್ಷ ಅದನ್ನೇ ಕಲಿಸಿ ಅದರಿಂದಲೇ ಅನ್ನ ಉಂಡವನು, ಮಾತಿನಿಂದ ಪ್ರಾಣ ಉಳಿಯುವ ಸಂದರ್ಭವೊಂದನ್ನು ಕಂಡಾಗ ಬಾಯಿ ಮುಚ್ಚಿಕೊಂಡಿರುವುದು ಸರಿಯಲ್ಲ.

ಮೊದಲು “ಕೊಡುವುದೇ ತಪ್ಪು” ಎಂಬವರ ವಾದವನ್ನು ನೋಡೋಣ. ಸೂಜಿ ಕೊಟ್ಟರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತೆ. ಸೂಜಿ ಸಿಕ್ಕದಿದ್ದರೆ ಚಟವೂ ನಿಲ್ಲುತ್ತದೆ—ಇದು ಅವರ ತರ್ಕ. ಕೇಳುವುದಕ್ಕೆ ಚೆನ್ನಾಗಿದೆ. ಈ ತರ್ಕವನ್ನು ಒಂದು ಊರು ಪ್ರಯೋಗಮಾಡಿ ನೋಡಿತು. ಆ ಊರು ಸ್ಕಾಟ್ಲೆಂಡಿನ ಎಡಿನ್‌ಬರೋ. ೧೯೮೦ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ಹೆರಾಯಿನ್ ಹರಡಿತು. ಪೊಲೀಸರು ಬಿಗಿ ಮಾಡಿದರು. ಕಂಡವರ ಬಳಿಯಿದ್ದ ಸೂಜಿಗಳನ್ನು ಕಿತ್ತುಕೊಂಡರು. ೧೯೮೨ರಲ್ಲಿ ಬ್ರಿಟನ್ನಿನ ಔಷಧಿ ವೃತ್ತಿಯವರ ಸಂಘವೂ, ಚಿಕಿತ್ಸೆಗೆಂದು ಬೇಕಾದವರಿಗಲ್ಲದೆ ಬೇರೆಯವರಿಗೆ ಸಿರಿಂಜು ಮಾರಬೇಡಿರೆಂದು ತನ್ನ ಸದಸ್ಯರಿಗೆ ಸಲಹೆ ಕೊಟ್ಟಿತು. ಅಂಗಡಿಯ ಬಾಗಿಲು ಮುಚ್ಚಿತು. ಚಟ ನಿಂತಿತೆ? ಇಲ್ಲ. ಒಂದೇ ಸೂಜಿ ಹತ್ತು ಕೈ ಸುತ್ತಿತು. ಅದೇ ವೇಳೆಗೆ ಎಚ್‌ಐವಿ ಎಂಬ ವೈರಾಣು ಆ ಊರಿಗೆ ಕಾಲಿಟ್ಟಿತ್ತು. ಆ ಊರಿನ ಬಡವರ ಬಡಾವಣೆಯೊಂದರಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾಕ್ಟರ್ ರಾಯ್ ರಾಬರ್ಟ್‌ಸನ್ ಅವರೂ ಅವರ ಸಂಗಡಿಗರೂ ತಮ್ಮಲ್ಲಿಗೆ ಬರುತ್ತಿದ್ದ ೧೬೪ ಮಂದಿ ಹೆರಾಯಿನ್ ಬಳಕೆದಾರರ ರಕ್ತವನ್ನು ಪರೀಕ್ಷೆ ಮಾಡಿಸಿದರು. ನೂರಕ್ಕೆ ೫೧ ಮಂದಿಯಲ್ಲಿ ಸೋಂಕು ಕಂಡಿತು. ೧೯೮೬ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಈ ಲೆಕ್ಕ ಪ್ರಕಟವಾದಾಗ ಆ ದೇಶ ಬೆಚ್ಚಿತು. ಎಡಿನ್‌ಬರೋದಿಂದ ರೈಲಿನಲ್ಲಿ ಒಂದು ಗಂಟೆಯ ದಾರಿಯಷ್ಟೇ ಇರುವ ಗ್ಲಾಸ್ಗೋ ನಗರದಲ್ಲಿಯೂ ಹೆರಾಯಿನ್ ಇತ್ತು. ಆದರೆ ಅಲ್ಲಿ ಸೂಜಿಗೆ ಇಷ್ಟು ಬರ ಇರಲಿಲ್ಲ. ಸೋಂಕೂ ಆಗ ಬಹಳ ಕಡಿಮೆ ಇತ್ತು.

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರ ಗಾದೆ ನಮ್ಮಲ್ಲಿದೆ. ಎಡಿನ್‌ಬರೋದವರು ಮೂಗು ಕೊಯ್ದುಕೊಂಡರು, ನೆಗಡಿ ಹೋಗಲಿಲ್ಲ. ೧೯೮೬ರಲ್ಲಿ ಆ ಔಷಧಿ ಸಂಘ ತನ್ನ ಹಳೆಯ ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಅದೇ ವರ್ಷ ಡಾಕ್ಟರ್ ಮೆಕ್ಲೆಲೆಂಡ್ ಅವರ ಅಧ್ಯಕ್ಷತೆಯ ಸ್ಕಾಟಿಷ್ ಸಮಿತಿ, ಚಟ ಬಿಡಲಾರದವರಿಗೆ ಶುದ್ಧ ಸೂಜಿಯನ್ನಾದರೂ ಕೊಡಬೇಕೆಂದು ಹೇಳಿತು. ೧೯೮೭ರಲ್ಲಿ ಸರಕಾರವೇ ಸೂಜಿ ವಿನಿಮಯದ ಪ್ರಾಯೋಗಿಕ ಕೇಂದ್ರಗಳನ್ನು ತೆರೆಯಿತು. ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್. ಚಟಗಾರರ ಮೇಲಿನ ಮೃದುತ್ವಕ್ಕೆ ಹೆಸರಾದ ಸರಕಾರವೇನೂ ಅದಲ್ಲ. ಲೆಕ್ಕ ಕಣ್ಣಿಗೆ ಹೊಡೆದಾಗ ಅದೂ ಬಗ್ಗಿತು.

ಇನ್ನೊಂದು ಊರಿನ ಕತೆಯೂ ಇಲ್ಲಿ ಪ್ರಸ್ತುತ. ಹಾಲೆಂಡಿನ ಆಮ್ಸ್ಟರ್‌ಡಾಮಿನಲ್ಲಿ, ನಗರದ ನಡುವೆ ಇದ್ದ ಒಂದು ಔಷಧಿ ಅಂಗಡಿ, ಚುಚ್ಚಿಕೊಳ್ಳುವವರಿಗೆ ಸಿರಿಂಜು ಮಾರುವುದನ್ನು ನಿಲ್ಲಿಸಿತು. ಇನ್ನು ಹೆಪಟೈಟಿಸ್-ಬಿ ಎಂಬ ಕಾಮಾಲೆ ಹಬ್ಬುತ್ತದೆಂದು ಹೆದರಿದವರು ಯಾರು? ವೈದ್ಯರಿಗಿಂತ ಮುಂಚೆ ಆ ಚಟಗಾರರೇ. ಅವರು ತಮ್ಮದೇ ಒಂದು ಸಂಘ ಕಟ್ಟಿಕೊಂಡಿದ್ದರು. ಆ ಸಂಘ ಒತ್ತಾಯಪಡಿಸಿದ್ದರಿಂದಲೇ ೧೯೮೪ರಲ್ಲಿ ನಗರದ ಆರೋಗ್ಯ ಇಲಾಖೆ ಸೂಜಿ ಒದಗಿಸಿತು. ಸೂಜಿ ವಿನಿಮಯದ ಇತಿಹಾಸ ಆರಂಭವಾಗುವುದು ಇಲ್ಲಿಂದ. ಓದುಗರು ಒಂದು ಅಂಶವನ್ನು ಗಮನಿಸಬೇಕು. ಎಡಿನ್‌ಬರೋದಲ್ಲಿಯೂ ಆಮ್ಸ್ಟರ್‌ಡಾಮಿನಲ್ಲಿಯೂ ಕತೆಯ ತಿರುವು ಇರುವುದು ಆಸ್ಪತ್ರೆಯಲ್ಲಿ ಅಲ್ಲ, ಔಷಧಿ ಅಂಗಡಿಯ ಹಲಗೆಯ ಮೇಲೆ. ಅಂಗಡಿಯವನು “ಇಲ್ಲ” ಎಂದ ಒಂದು ಮಾತಿಗೆ ಅಷ್ಟು ಬೆಲೆ ತೆರಬೇಕಾಗಿ ಬಂದಿದ್ದರೆ, ಅವನು ಹೇಳುವ “ಇದೆ” ಎಂಬ ಮಾತಿಗೂ ಅಷ್ಟೇ ಬೆಲೆ ಇರಬೇಕು. ಅದನ್ನು ಹೇಗೆ ಹೇಳಬೇಕೆಂಬುದನ್ನು ಅವನಿಗೆ ಕಲಿಸುವುದು ವ್ಯರ್ಥವೆ?

ಬ್ರಿಟನ್ನಿನಲ್ಲಿ ಈ ಸೇವೆ ಕ್ರಮೇಣ ಅಂಗಡಿಗಳಿಗೆ ಬಂತು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ೧೯೮೮ರಲ್ಲಿ ನೂರಕ್ಕೆ ೩ ಔಷಧಿ ಅಂಗಡಿಗಳು ಮಾತ್ರ ಸೂಜಿ ವಿನಿಮಯ ನಡೆಸುತ್ತಿದ್ದವು; ೧೯೯೫ರ ಸಮೀಕ್ಷೆಯ ಹೊತ್ತಿಗೆ ಅದು ನೂರಕ್ಕೆ ೧೯ರಷ್ಟಾಗಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಚಿಕಿತ್ಸಾ ಕೇಂದ್ರ ಊರಿಗೆ ಒಂದೋ ಎರಡೋ; ಔಷಧಿ ಅಂಗಡಿ ಬೀದಿಬೀದಿಗೆ. ಕೇಂದ್ರ ಸಂಜೆಗೆ ಬೀಗ ಹಾಕುತ್ತದೆ. ಅಂಗಡಿ ಶನಿವಾರವೂ ತೆರೆದಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕೇಂದ್ರದ ಮೆಟ್ಟಿಲು ಹತ್ತಿದವನನ್ನು ಕಂಡವರು ಇವನು ಏತಕ್ಕೆ ಬಂದನೆಂದು ಬಲ್ಲರು. ಔಷಧಿ ಅಂಗಡಿಯ ಮೆಟ್ಟಿಲು ಹತ್ತಿದವನು ಕೆಮ್ಮಿನ ಮದ್ದಿಗೂ ಬಂದಿರಬಹುದು, ಮಗುವಿನ ಹಾಲುಪುಡಿಗೂ ಬಂದಿರಬಹುದು. ಊರಿನ ನಡುವೆ ಇದ್ದೂ ಮುಖ ಮುಚ್ಚಿಕೊಳ್ಳದೆ ಹೋಗಿಬರಬಹುದಾದ ಜಾಗ ಅದೊಂದೇ.

ಈಗ ನನ್ನ ನಿಜವಾದ ಎದುರಾಳಿಗೆ ಬರುತ್ತೇನೆ. “ಕೊಡಲಿ, ಪೊಟ್ಟಣ ಎತ್ತಿ ಕೊಡುವುದಕ್ಕೆ ತರಬೇತಿ ಏಕೆ?” ಎನ್ನುವ ಮಹನೀಯರು ಸೂಜಿಯೆಂದರೆ ಸೂಜಿ, ಅಷ್ಟೇ ಎಂದು ತಿಳಿದಿದ್ದಾರೆ. ಅವರು ಒಂದು ದಿನ ಆ ಹಲಗೆಯ ಹಿಂದೆ ನಿಂತು ನೋಡಲಿ.

ರೋಗ ಸೂಜಿಯೊಂದರಿಂದಲೇ ಹರಡುವುದಿಲ್ಲ. ಮದ್ದನ್ನು ಕರಗಿಸುವ ಚಮಚೆ, ಸೋಸುವ ಹತ್ತಿಯ ತುಣುಕು, ಕಲಸುವ ನೀರು—ಇವನ್ನು ಹಂಚಿಕೊಂಡರೂ ಹೆಪಟೈಟಿಸ್-ಸಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. “ನಾನು ಯಾರ ಸೂಜಿಯನ್ನೂ ಮುಟ್ಟುವುದಿಲ್ಲ” ಎಂದು ಪ್ರಾಮಾಣಿಕವಾಗಿ ಹೇಳುವವನೇ ಗೆಳೆಯನ ಚಮಚೆಯಿಂದ ಕಾಯಿಲೆ ತಂದುಕೊಂಡಿರುತ್ತಾನೆ. ಕಂದು ಹೆರಾಯಿನನ್ನು ಕರಗಿಸಲು ಕೆಲವರು ನಿಂಬೆರಸ ಬಳಸುತ್ತಾರೆ. ಆ ರಸದ ಜೊತೆಗೆ ಶಿಲೀಂಧ್ರ ರಕ್ತಕ್ಕೆ ಸೇರಿ ಕಣ್ಣು ಹೋದವರುಂಟು. ಸಿರಿಂಜುಗಳಲ್ಲಿಯೂ ಭೇದವಿದೆ: ಒತ್ತಿ ಮುಗಿಸಿದ ಮೇಲೆ ಒಳಗೆ ರಕ್ತ ಹೆಚ್ಚು ಉಳಿಯುವ ಬಗೆ ಒಂದು, ಕಡಿಮೆ ಉಳಿಯುವ ಬಗೆ ಇನ್ನೊಂದು, ಎರಡನೆಯದರಲ್ಲಿ ಸೋಂಕಿನ ಭಯ ಕಡಿಮೆ. ವ್ಯಾಯಾಮಶಾಲೆಯ ಹುಡುಗರು ಮಾಂಸಖಂಡ ಬೆಳೆಸಲು ಚುಚ್ಚಿಕೊಳ್ಳುವ ಸ್ಟೀರಾಯ್ಡಿಗೆ ಬೇಕಾದ ಸೂಜಿಯೇ ಬೇರೆ. ಆ ಹುಡುಗರು ತಮ್ಮನ್ನು ಚಟಗಾರರೆಂದು ಕನಸಿನಲ್ಲಿಯೂ ಎಣಿಸುವುದಿಲ್ಲ. ಅವರೊಡನೆ ಆಡಬೇಕಾದ ಮಾತೂ ಬೇರೆ. ಇದನ್ನೆಲ್ಲ ಅಂಗಡಿಯವನು ಹುಟ್ಟುತ್ತಲೇ ಕಲಿತು ಬರುತ್ತಾನೆಯೆ?

ಕಾನೂನಿನ ಸಿಕ್ಕೂ ಉಂಟು. ಬ್ರಿಟನ್ನಿನ ೧೯೭೧ರ ಮಾದಕ ವಸ್ತುಗಳ ಕಾಯಿದೆಗೆ ಆಮೇಲೆ ಸೇರಿಸಿದ ಒಂದು ಕಲಮಿನ ಪ್ರಕಾರ, ಸಿರಿಂಜು ಕೊಡುವುದು ಅಪರಾಧವಲ್ಲ; ಆದರೆ ಚಮಚೆಯನ್ನೋ ಸೋಸುಕವನ್ನೋ ಕೊಡುವುದು ಅಪರಾಧವಾಗಿತ್ತು! ೨೦೦೩ರಲ್ಲಿ ಇದನ್ನು ತಿದ್ದಿ, ವೈದ್ಯರೂ ಫಾರ್ಮಸಿಸ್ಟರೂ ಮಾದಕ ಚಿಕಿತ್ಸೆಯ ಕಾರ್ಯಕರ್ತರೂ ಸೋಸುಕ, ಚಮಚೆ, ಒರೆಸುವ ಹತ್ತಿ, ಸಿಟ್ರಿಕ್ ಆಮ್ಲಗಳನ್ನು ಕೊಡಬಹುದೆಂದು ಮಾಡಿದರು. ೨೦೧೪ರಲ್ಲಿ, ಚುಚ್ಚಿಕೊಳ್ಳುವುದನ್ನು ಬಿಡಿಸುವ ಹಂತವಾಗಿ ಕೆಲವು ನಿಬಂಧನೆಗಳ ಮೇಲೆ ಅಲ್ಯೂಮಿನಿಯಂ ಹಾಳೆಯನ್ನೂ ಕೊಡಬಹುದೆಂದಾಯಿತು. ಯಾವುದನ್ನು ಕೊಡಬಹುದು, ಯಾವುದನ್ನು ಕೊಡಬಾರದು ಎಂಬುದನ್ನು ತಿಳಿಯದ ಅಂಗಡಿಯವನು ಹೆದರಿಕೆಯಿಂದ ಏನನ್ನೂ ಕೊಡದೆ ಕುಳಿತುಕೊಳ್ಳುತ್ತಾನೆ. ತಿಳಿಯದವನ ನಿಯತ್ತು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಹಿಂದಕ್ಕೆ ಬರುವ ಸೂಜಿಗಳ ವಿಚಾರ ಇನ್ನೊಂದು. ತಂದವನೇ ಅದನ್ನು ಗಟ್ಟಿ ಡಬ್ಬಿಯೊಳಕ್ಕೆ ಹಾಕಬೇಕು. ಅಂಗಡಿಯವನು ಕೈಯಿಂದ ಮುಟ್ಟಬಾರದು, ಬಿಚ್ಚಿ ಎಣಿಸಬಾರದು. ಎಚ್ಚರ ತಪ್ಪಿ ಸೂಜಿ ಕೈಗೆ ಚುಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು, ಬಾಯಿಟ್ಟು ಹೀರಬಾರದು, ತಡಮಾಡದೆ ವೈದ್ಯರ ಬಳಿಗೆ ಓಡಬೇಕು. ಎಚ್‌ಐವಿ ತಡೆಯುವ ಮಾತ್ರೆಗಳು ೭೨ ಗಂಟೆಗಳೊಳಗೆ ಆರಂಭವಾಗಬೇಕು. ಹೆಪಟೈಟಿಸ್-ಬಿ ಲಸಿಕೆಯನ್ನು ಅಂಗಡಿಯವನು ಮೊದಲೇ ಹಾಕಿಸಿಕೊಂಡಿರಬೇಕು. ತರಬೇತಿ ಬೇಡ ಎನ್ನುವವರು ಯಾರ ಪ್ರಾಣವನ್ನು ಪಣಕ್ಕಿಡುತ್ತಿದ್ದಾರೆ? ಚಟಗಾರರದನ್ನು ಮಾತ್ರವಲ್ಲ, ತಿಂಗಳ ಸಂಬಳಕ್ಕೆ ಆ ಹಲಗೆಯ ಹಿಂದೆ ನಿಂತ ಹುಡುಗಿಯ ಪ್ರಾಣವನ್ನು ಕೂಡ.

ಇಷ್ಟಾದರೂ ಇದೆಲ್ಲ ಪುಸ್ತಕ ನೋಡಿ ಕಲಿಯಬಹುದಾದ ವಿದ್ಯೆ. ಮುಖ್ಯವಾದ ಪಾಠ ಬೇರೆಯೇ ಇದೆ. ಆರೋಗ್ಯ ವಿಷಯದಲ್ಲಿ ಸರಕಾರಕ್ಕೂ ವೈದ್ಯರಿಗೂ ದಾರಿ ತೋರಿಸಲು ಇಂಗ್ಲೆಂಡಿನಲ್ಲಿ ಒಂದು ಸಂಸ್ಥೆಯಿದೆ. ಅದನ್ನು ‘ನೈಸ್’ ಎಂದು ಕರೆಯುತ್ತಾರೆ. ಅದು ೨೦೦೯ರಲ್ಲಿ ಸೂಜಿ ವಿನಿಮಯಕ್ಕೆ ಮಾರ್ಗಸೂಚಿ ಹೊರಡಿಸಿ, ೨೦೧೪ರಲ್ಲಿ ಅದನ್ನು ಪರಿಷ್ಕರಿಸಿತು. ಸೇವೆಯಲ್ಲಿ ಮೂರು ಮೆಟ್ಟಿಲುಗಳನ್ನು ಅದು ಗುರುತಿಸುತ್ತದೆ: ಸೂಜಿಯ ಪೊಟ್ಟಣವನ್ನೂ ಬರಹದ ತಿಳಿವಳಿಕೆಯನ್ನೂ ಕೊಡುವುದು ಮೊದಲನೆಯದು, ಬೇಕುಬೇಕಾದ್ದನ್ನು ಆರಿಸಿ ಕೊಟ್ಟು ಆರೋಗ್ಯದ ಸಲಹೆ ಹೇಳುವುದು ಎರಡನೆಯದು, ತಜ್ಞರ ನೆರವನ್ನೂ ಸೇರಿಸುವುದು ಮೂರನೆಯದು. ಕೆಳಗಿನ ಮೆಟ್ಟಿಲಲ್ಲಿ, ಬರೀ ಪೊಟ್ಟಣ ಕೊಡುವವನಿಗೆ ಕೂಡ, ಇಷ್ಟಂತೂ ಆಗಲೇಬೇಕೆಂದು ಅದು ಹೇಳಿದ ತರಬೇತಿ ಯಾವುದು? ರಸಾಯನಶಾಸ್ತ್ರವಲ್ಲ. ಬಂದವರ ಗುಟ್ಟು ಕಾಯುವುದು, ಅವರ ಖಾಸಗಿತನವನ್ನು ಗೌರವಿಸುವುದು, ಅವರಿಗೆ ಕಳಂಕ ಹಚ್ಚದಂತೆ ನಡೆದುಕೊಳ್ಳುವುದು. ಇದು ಕನಿಷ್ಠ. ಇದಿಲ್ಲದೆ ಉಳಿದದ್ದಿಲ್ಲ.

ನನಗೆ ಈ ವಿಧಿಯನ್ನು ಓದಿದಾಗ ನಮ್ಮ ಒಂದು ಪದ ನೆನಪಿಗೆ ಬಂತು. ಅದು ‘ಗಿರಾಕಿ’. ಈ ಪದಕ್ಕೆ ಎರಡು ಮುಖ. ಅಂಗಡಿಗೆ ಬಂದು ಸಾಮಾನು ಕೊಳ್ಳುವವನು ಗಿರಾಕಿ. ಅವನಿಗಾಗಿ ಅಂಗಡಿಯವನು ಬೆಳಗ್ಗೆ ಬಾಗಿಲ ಮುಂದೆ ನೀರು ಚಿಮುಕಿಸಿ ಕಾಯುತ್ತಾನೆ. “ಅವನೊಬ್ಬ ಗಿರಾಕಿ” ಎಂದು ಹುಬ್ಬು ಹಾರಿಸಿ ಹೇಳಿದರೆ ಅದೇ ಪದ ಬೈಗುಳ. ಅಕ್ಷರ ಬದಲಾಗಲಿಲ್ಲ, ಅರ್ಥ ತಲೆಕೆಳಗಾಯಿತು. ಸೂಜಿ ಕೇಳಲು ಬಂದವನು ಈ ಎರಡರಲ್ಲಿ ಯಾವ ಗಿರಾಕಿ ಎಂಬುದನ್ನು ಅಂಗಡಿಯವನ ಕಣ್ಣು ಒಂದು ಕ್ಷಣದಲ್ಲಿ ತೀರ್ಮಾನಿಸುತ್ತದೆ. ಬಂದವನೂ ಆ ತೀರ್ಪನ್ನು ಒಂದು ಕ್ಷಣದಲ್ಲಿ ಓದಿಕೊಳ್ಳುತ್ತಾನೆ. ಎರಡನೆಯ ಅರ್ಥವನ್ನು ಓದಿಕೊಂಡವನು ನಾಳೆ ಬರುವುದಿಲ್ಲ. ನಾಳೆ ಬಾರದವನು ನಿನ್ನೆಯ ಸೂಜಿಯನ್ನೇ ಬಳಸುತ್ತಾನೆ, ಇಲ್ಲವೆ ಪಕ್ಕದವನದನ್ನು. ಒಂದು ಪದದ ಎರಡು ಅರ್ಥಗಳ ನಡುವೆ ಇರುವ ದೂರವನ್ನು ದಾಟಿಸುವುದೇ ಈ ತರಬೇತಿ. ಇದನ್ನು ಸಣ್ಣ ಕೆಲಸವೆನ್ನುವವರು ಭಾಷೆಯನ್ನೂ ಅರಿಯರು, ರೋಗವನ್ನೂ ಅರಿಯರು.

“ಗೌರವ ಮನಸ್ಸಿನಿಂದ ಬರಬೇಕು, ಅದನ್ನು ಕಲಿಸಲು ಸಾಧ್ಯವೆ?” ಎಂದು ಕೇಳುವವರುಂಟು. ಕಲಿಸುವುದೇ ನನ್ನ ವೃತ್ತಿಯಾದ್ದರಿಂದ ಈ ಪ್ರಶ್ನೆಗೆ ಧೈರ್ಯವಾಗಿ ಉತ್ತರ ಹೇಳಬಲ್ಲೆ. ಕಲಿಸಬಹುದು. ಚಿಕ್ಕ ಮಗುವಿಗೆ ಹಿರಿಯರನ್ನು ‘ನೀವು’ ಎನ್ನಬೇಕೆಂದು ನಾವು ಕಲಿಸಲಿಲ್ಲವೆ? ಮಗುವಿನ ಮನಸ್ಸಿನಲ್ಲಿ ಮೊದಲು ಗೌರವ ಹುಟ್ಟಿ ಆಮೇಲೆ ‘ನೀವು’ ಬರಲಿಲ್ಲ. ‘ನೀವು’ ಎಂದು ಆಡಿ ಆಡಿ ಗೌರವ ಒಳಕ್ಕೆ ಇಳಿಯಿತು. ಇಂಗ್ಲಿಷರ ಮಾತಿನಲ್ಲಿ ಈಗ ನೀನು-ನೀವುಗಳ ಭೇದವಿಲ್ಲ. ಅವರ ತಾತ್ಸಾರ ದನಿಯಲ್ಲಿ ಅಡಗಿರುತ್ತದೆ, ಮೋರೆ ತಿರುಗಿಸುವುದರಲ್ಲಿ ಅಡಗಿರುತ್ತದೆ, ಬೇರೆ ಎಲ್ಲರನ್ನೂ ಕಳುಹಿಸಿ ಇವನೊಬ್ಬನನ್ನು ಮೂಲೆಯಲ್ಲಿ ನಿಲ್ಲಿಸುವುದರಲ್ಲಿ ಅಡಗಿರುತ್ತದೆ. ಆದ್ದರಿಂದಲೇ ಅವರಿಗೆ ಅದನ್ನು ಹುಡುಕಿ ಹುಡುಕಿ ತೋರಿಸಿಕೊಡಬೇಕಾಗುತ್ತದೆ. ನಮ್ಮಲ್ಲಿ ಒಂದು ಕ್ರಿಯಾಪದದ ಕೊನೆ ಸಾಕು. “ಏನು ಬೇಕು ಹೇಳಿ” ಎಂಬುದಕ್ಕೂ “ಏನಯ್ಯ ಬೇಕು?” ಎಂಬುದಕ್ಕೂ ನಡುವೆ ಒಂದು ಊರೇ ಇದೆ.

ನನ್ನ ಸೋದರಮಾವನ ಮಗನಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಳ್ಳದೆ ಅವನಿಗೆ ದಿನ ಕಳೆಯುವುದಿಲ್ಲ. ಮೈ ತೆಳ್ಳಗೆ, ಗಡ್ಡ ಬಿಟ್ಟ ಯುವಕ. ಪರಸ್ಥಳದ ಒಂದು ಔಷಧಿ ಅಂಗಡಿಯಲ್ಲಿ ಸಿರಿಂಜು ಕೇಳಿದಾಗ ಅಂಗಡಿಯವನು ತಲೆಯಿಂದ ಕಾಲಿನವರೆಗೆ ನೋಡಿ, ನಾಲ್ಕು ಜನರ ಮುಂದೆ, “ಯಾಕಯ್ಯ ನಿನಗೆ?” ಎಂದನಂತೆ. ಇವನು ಚೀಲದಿಂದ ಇನ್ಸುಲಿನ್ ಸೀಸೆಯನ್ನು ತೆಗೆದು ತೋರಿಸಿದ, ಸಿರಿಂಜು ಸಿಕ್ಕಿತು. ಈ ಕತೆ ಕೇಳಿದ ನಮ್ಮ ಮನೆಯವರೆಲ್ಲ, “ಪಾಪ, ಇವನನ್ನು ಅಂಥವನೆಂದು ತಿಳಿದುಬಿಟ್ಟನಲ್ಲ” ಎಂದು ಮರುಗಿದರು. ನನಗೆ ಮಾತ್ರ ಮನಸ್ಸು ಬೇರೆ ಕಡೆ ಹರಿಯಿತು. ಇವನ ಬಳಿ ತೋರಿಸಲು ಒಂದು ಸೀಸೆಯಾದರೂ ಇತ್ತು. ‘ಅಂಥವನೇ’ ಆಗಿದ್ದವನು ಏನು ತೋರಿಸಬೇಕು? ಅವನ ಪ್ರಾಣವೂ ಪ್ರಾಣವೇ ಅಲ್ಲವೆ?

ಅಂಗಡಿಯವರ ಪಕ್ಷವನ್ನೂ ಹೇಳದೆ ಬಿಟ್ಟರೆ ಅನ್ಯಾಯವಾದೀತು. ಅವರಿಗೂ ಭಯಗಳಿವೆ. ಕಳವಾದೀತು, ಜಗಳವಾದೀತು, ಸಂಸಾರಸ್ಥರು ಈ ಅಂಗಡಿಗೆ ಬರುವುದನ್ನು ಬಿಟ್ಟಾರು, ಹೊರಗೆ ಬೀದಿಯಲ್ಲಿ ಸೂಜಿ ಬಿದ್ದಿದ್ದರೆ ದೂರು ತಮ್ಮ ಮೇಲೆ ಬಂದೀತು. ಇವು ಸುಳ್ಳು ಭಯಗಳಲ್ಲ. ಆದರೆ ಭಯಕ್ಕೆ ಮದ್ದು ಅಜ್ಞಾನವೆ? ಯಾರೊಡನೆ ಹೇಗೆ ಮಾತನಾಡಬೇಕು, ಕೋಪದಲ್ಲಿರುವವನನ್ನು ಹೇಗೆ ಶಾಂತಪಡಿಸಬೇಕು, ಮೈಮರೆತು ಬಿದ್ದವನಿಗೆ ಏನು ಮಾಡಬೇಕು, ಯಾವಾಗ ಯಾರನ್ನು ಕರೆಯಬೇಕು ಎಂಬುದು ಗೊತ್ತಿದ್ದವನ ಕೈ ನಡುಗುವುದಿಲ್ಲ. ಈಜು ಬಾರದವನನ್ನು ಹೊಳೆಗೆ ತಳ್ಳಿ, ಅವನು ಹೆದರುತ್ತಾನೆಂದು ಬೈಯುವುದು ನ್ಯಾಯವಲ್ಲ. ಹೆದರುತ್ತಾನಾದ್ದರಿಂದ ಈಜು ಕಲಿಸುವುದೇ ಬೇಡ ಎನ್ನುವುದು ಅದಕ್ಕಿಂತಲೂ ದೊಡ್ಡ ಅನ್ಯಾಯ.

ಇನ್ನು, ತರಬೇತಿಯನ್ನು ಒಪ್ಪಿಕೊಂಡವರ ಮೇಲೂ ನನ್ನದೊಂದು ದೂರಿದೆ. ತರಬೇತಿ ಎಂಬ ಹೆಸರಿನಲ್ಲಿ ನಡೆಯುವುದೆಲ್ಲ ತರಬೇತಿಯಲ್ಲ. ಇಂಗ್ಲೆಂಡಿನಲ್ಲಿ ಫಾರ್ಮಸಿಸ್ಟನು ಓದಬೇಕಾದ್ದನ್ನು ಓದಿ, ಉತ್ತರಿಸಬೇಕಾದ್ದನ್ನು ಉತ್ತರಿಸಿ, ಕೊನೆಗೆ “ನಾನು ಈ ಸೇವೆಗೆ ಅರ್ಹನಾಗಿದ್ದೇನೆ” ಎಂದು ತಾನೇ ಘೋಷಣೆ ಮಾಡಿಕೊಳ್ಳುವ ಪದ್ಧತಿಯನ್ನು ಬಳಕೆಗೆ ತಂದರು. ವೃತ್ತಿಯವರ ಪ್ರಾಮಾಣಿಕತೆಯಲ್ಲಿ ಇಟ್ಟ ವಿಶ್ವಾಸ ಅದು. ಅದನ್ನು ನಾನು ಹಳಿಯುವುದಿಲ್ಲ. ಆದರೆ ಸೂಜಿಯ ಅಳತೆ ತನಗೆ ಗೊತ್ತೆಂದು ಒಬ್ಬನು ತಾನೇ ಹೇಳಬಹುದು. ತನ್ನ ಮುಖದಲ್ಲಿ ತಾತ್ಸಾರವಿಲ್ಲವೆಂದು ತಾನೇ ಹೇಳುವುದು ಹೇಗೆ? ಅದನ್ನು ಎದುರಿಗೆ ನಿಂತವನು ಹೇಳಬೇಕು. ನನ್ನ ಪಾಠ ಚೆನ್ನಾಗಿತ್ತೆಂದು ನಾನೇ ಹೇಳಿಕೊಂಡರೆ ನಡೆಯುತ್ತದೆಯೆ? ಹಿಂದಿನ ಬೆಂಚಿನ ಹುಡುಗನನ್ನು ಕೇಳಬೇಕು.

ಎರಡನೆಯ ದೂರು: ಅಂಗಡಿಯಲ್ಲಿ ನಿಲ್ಲುವವರೆಲ್ಲ ಫಾರ್ಮಸಿಸ್ಟರಲ್ಲ. ಯಜಮಾನ ಒಳಗೆ ಚೀಟಿ ನೋಡಿ ಮದ್ದು ಕಟ್ಟುತ್ತಿರುತ್ತಾನೆ. ಬಂದವನು ಮೊದಲು ಕಾಣುವ ಮುಖ ಸಹಾಯಕಿಯದು. ಶನಿವಾರ ಬದಲಿಗೆ ಬಂದ ಹೊಸಬನದು. ಸರ್ಟಿಫಿಕೇಟು ಗೋಡೆಯ ಮೇಲೆ ತೂಗುಹಾಕಿದ್ದರೆ ಅದು ಹಲಗೆಯ ಹಿಂದೆ ನಿಂತವರ ನಾಲಿಗೆಗೆ ಬರುವುದಿಲ್ಲ. ದೇವಾಲಯದಲ್ಲಿ ಅರ್ಚಕರೊಬ್ಬರು ಮಡಿಯುಟ್ಟರೆ ಸಾಕು. ಔಷಧಿ ಅಂಗಡಿಯಲ್ಲಿ ಕಸ ಗುಡಿಸುವವನಿಂದ ಯಜಮಾನನವರೆಗೆ ಎಲ್ಲರಿಗೂ ಈ ಪಾಠ ಆಗಬೇಕು. ಕಲಿಯುವ ಗಂಟೆಗಳಿಗೆ ಸಂಬಳವೂ ಸಿಗಬೇಕು. ಕಲಿಸುವವರಲ್ಲಿ ಒಬ್ಬರಾದರೂ ಹಿಂದೆ ಸೂಜಿ ಕೇಳಲು ಹಲಗೆಯ ಈಚೆಗೆ ನಿಂತಿದ್ದವರಾಗಿರಬೇಕು. ಆಮ್ಸ್ಟರ್‌ಡಾಮಿನಲ್ಲಿ ಅಪಾಯವನ್ನು ಮೊದಲು ಕಂಡವರು ಅವರೇ ಎಂಬುದನ್ನು ಮರೆಯಬಾರದು.

ಒಳ್ಳೆಯ ಅಂಗಡಿ ಉಳಿಯಬೇಕಾದರೆ ಸುತ್ತಲಿನವರೂ ಕಲಿಯಬೇಕು. ಮೊದಲು ಹೆಚ್ಚಾಗಿ ಪಾರಾಗಿದ್ದ ಗ್ಲಾಸ್ಗೋ ನಗರದಲ್ಲಿಯೇ ೨೦೧೫ರಲ್ಲಿ ಚುಚ್ಚಿಕೊಳ್ಳುವವರ ನಡುವೆ ಎಚ್‌ಐವಿ ಮತ್ತೆ ತಲೆಯೆತ್ತಿತು. ಅಲ್ಲಿಯ ಸೆಂಟ್ರಲ್ ರೈಲು ನಿಲ್ದಾಣದ ಔಷಧಿ ಅಂಗಡಿಯಲ್ಲಿ ೨೦೧೬ರಲ್ಲಿ ಸೂಜಿ ವಿನಿಮಯ ಆರಂಭವಾಗಿ ಬಹು ಜನರಿಗೆ ಒದಗಿತು. ೨೦೧೭ರಲ್ಲಿ ನಿಲ್ದಾಣದ ಒಡೆತನದವರು, ಬಳಸಿದ ಸೂಜಿಗಳು ನಿಲ್ದಾಣದಲ್ಲಿ ಬಿದ್ದಿರುತ್ತವೆಂದು ಹೇಳಿ ಅದನ್ನು ನಿಲ್ಲಿಸಿಬಿಟ್ಟರು. ಸೋಂಕು ಹಬ್ಬುತ್ತಿದ್ದ ಕಾಲದಲ್ಲಿಯೇ! ಬಿದ್ದ ಸೂಜಿಗೆ ಉತ್ತರ ಇನ್ನೊಂದು ಡಬ್ಬಿ, ಇನ್ನಷ್ಟು ತಿಳಿವಳಿಕೆ, ಮುಚ್ಚಿದ ಬಾಗಿಲಲ್ಲ. ಎಡಿನ್‌ಬರೋದ ಪಾಠವನ್ನು ಮೂವತ್ತು ವರ್ಷಗಳಲ್ಲಿ ನೆರೆಯೂರಿನವರೇ ಮರೆತರೆಂದ ಮೇಲೆ, ಪಾಠ ಒಮ್ಮೆ ಹೇಳಿ ಮುಗಿಸುವಂಥದಲ್ಲ ಎಂದಾಯಿತು.

ಇದರ ಜೊತೆಗೆ ಈಗ ಒಂದು ಹೊಸ ಭರವಸೆ ಇದೆ. ಹೆಪಟೈಟಿಸ್-ಸಿ ಕಾಯಿಲೆಯನ್ನು ಇಂದು ಎಂಟು ಅಥವಾ ಹನ್ನೆರಡು ವಾರಗಳ ಮಾತ್ರೆಗಳಿಂದ ನೂರಕ್ಕೆ ೯೫ಕ್ಕೂ ಹೆಚ್ಚು ಮಂದಿಯಲ್ಲಿ ಪೂರ್ಣವಾಗಿ ಗುಣಪಡಿಸಬಹುದು. ಆದರೆ ಮಾತ್ರೆ ನುಂಗುವ ಮೊದಲು 'ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ' ಎಂದು ಯಾರಾದರೂ ಹೇಳಬೇಕು. ಆಸ್ಪತ್ರೆಯ ಮುಖ ನೋಡದ ಎಷ್ಟೋ ಜನರಿಗೆ ವಾರ ವಾರವೂ ಭೇಟಿಯಾಗುವ ಆರೋಗ್ಯದ ಮನುಷ್ಯನೆಂದರೆ ಔಷಧಿ ಅಂಗಡಿಯವನೊಬ್ಬನೇ. ಪೊಟ್ಟಣ ಕೊಡುವಾಗ ಅವನು ತಲೆಯೆತ್ತಿ ಆ ಒಂದು ವಾಕ್ಯ ಹೇಳಿದರೆ ಒಂದು ಯಕೃತ್ತು ಉಳಿಯಬಹುದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದರು ನಮ್ಮ ಹಿರಿಯರು. ಇಲ್ಲಿ ಮಾತು ಬಲ್ಲವನು ಜಗಳವನ್ನೂ ತಪ್ಪಿಸುತ್ತಾನೆ, ರೋಗವನ್ನೂ ತಪ್ಪಿಸುತ್ತಾನೆ.

ನಮ್ಮ ದೇಶದ ಮಾತನ್ನೂ ಹೇಳಿ ಮುಗಿಸುತ್ತೇನೆ. ಭಾರತದಲ್ಲಿ ಸೂಜಿ ವಿನಿಮಯ ಹೊಸದಲ್ಲ. ೧೯೯೦ರ ದಶಕದಲ್ಲಿಯೇ ಮಣಿಪುರದಲ್ಲಿ ಸ್ವಯಂಸೇವಾ ಸಂಸ್ಥೆಗಳು ಇದನ್ನು ಆರಂಭಿಸಿದವು. ಆಮೇಲೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮವೇ ಇದನ್ನು ಕೈಗೆತ್ತಿಕೊಂಡಿತು. ಇಲ್ಲಿ ಸೂಜಿ ಹಂಚುವವರು ಅಂಗಡಿಯವರಲ್ಲ, ಸಂಸ್ಥೆಗಳ ಕಾರ್ಯಕರ್ತರು. ಅವರಲ್ಲಿ ಹಿಂದೆ ತಾವೇ ಚುಚ್ಚಿಕೊಳ್ಳುತ್ತಿದ್ದವರೂ ಇದ್ದಾರೆ. ೨೦೧೭ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ, ಸೋಂಕು ತಡೆಯಲು ಕೈಗೊಂಡ ಇಂಥ ಕ್ರಮ ಅಪರಾಧವಲ್ಲವೆಂದು ಸ್ಪಷ್ಟವಾಗಿ ಹೇಳಿ, ಸೂಜಿ ವಿನಿಮಯವನ್ನೇ ಉದಾಹರಣೆಯಾಗಿ ಕೊಟ್ಟಿದೆ. ಆದರೆ ಕಾರ್ಯಕರ್ತರು ಇಲ್ಲದ ಊರುಗಳಲ್ಲಿ, ಕೇಂದ್ರ ಮುಚ್ಚಿದ ಹೊತ್ತಿನಲ್ಲಿ, ಸೂಜಿ ಬೇಕಾದವನು ನಿಲ್ಲುವುದು ಮೆಡಿಕಲ್ ಶಾಪಿನ ಮುಂದೆಯೇ. ಬ್ರಿಟನ್ನಿನ ಏರ್ಪಾಟನ್ನು ನಾಳೆಯೇ ಇಲ್ಲಿಗೆ ತನ್ನಿರೆಂದು ನಾನು ಹೇಳುತ್ತಿಲ್ಲ. ನಮ್ಮ ಡಿಪ್ಲೊಮಾ ಫಾರ್ಮಸಿಯ ೨೦೨೦ರ ನಿಯಮಾವಳಿಯಲ್ಲಿ ಸಮುದಾಯ ಫಾರ್ಮಸಿಯೂ ಅದರೊಳಗೆ ರೋಗಿಗಳೊಡನೆ ಮಾತನಾಡುವ ಕೌಶಲವೂ ಪಾಠವಾಗಿ ಸೇರಿವೆ. ಬಾಗಿಲು ತೆರೆದಿದೆ. ಆ ಪಾಠವನ್ನು ನಮ್ಮ ಹುಡುಗರು ಕನ್ನಡದಲ್ಲಿ ಆಡಿ ಅಭ್ಯಾಸ ಮಾಡಲಿ. ಅವರು ನಾಳೆ ಅಂಗಡಿಯಲ್ಲಿ ಆಡುವುದು ಕನ್ನಡವನ್ನೇ. ಆ ಅಭ್ಯಾಸದಲ್ಲಿ ಜ್ವರದ ಮಾತ್ರೆ ಕೇಳುವ ಅಜ್ಜಿಯ ಜೊತೆಗೆ ಸಿರಿಂಜು ಕೇಳುವ ಯುವಕನೂ ಒಬ್ಬನಿರಲಿ.

ಸೂಜಿಯ ಬೆಲೆ ಪುಡಿಗಾಸು. ಸರಕಾರ ಮನಸ್ಸು ಮಾಡಿದರೆ ಗಾಡಿಗಟ್ಟಲೆ ಕೊಂಡು ಅಂಗಡಿಗಳಿಗೆ ತುಂಬಬಹುದು. ಲೆಕ್ಕದ ಪುಸ್ತಕದಲ್ಲಿ ದೊಡ್ಡ ಅಂಕಿ ಬರೆದು ಕೃತಾರ್ಥವಾಗಬಹುದು. ಆದರೆ ಹೆದರಿ, ನಾಚಿ, ಬಾಗಿಲಲ್ಲಿ ಹಿಂದುಮುಂದು ನೋಡುತ್ತ ನಿಂತವನು ಒಳಗೆ ಬರುವುದು ಸೂಜಿಯ ರಾಶಿಯನ್ನು ಕಂಡಲ್ಲ. ಒಳಗಿನವರು “ಬನ್ನಿ” ಎಂದಾಗ. ಆ ಎರಡಕ್ಷರವನ್ನು ಅಂಗಡಿಯವರಿಗೆ ಕಲಿಸುವುದಕ್ಕೆ ಖರ್ಚು ಮಾಡಲಾರೆವೆನ್ನುವವರು ಸೂಜಿಗೂ ಖರ್ಚು ಮಾಡುವ ತೊಂದರೆ ತೆಗೆದುಕೊಳ್ಳದಿರಲಿ.